ಲೋಡು ಇಳಿಸಿದ ಬೆಳಿಗ್ಗೆ

ಆ ನೂಲಿನ ಮಿಲ್ಲಿನ ಫೋರ್‌ಮನ್‌ಗೆ ನಾನು ಬಂದದ್ದು ಬೇಡವಾಗಿತ್ತು. ಅದನ್ನು ಆತ ಮುಚ್ಚಿಡಲೂ ಇಲ್ಲ. ಗೇಟಿನಲ್ಲಿ ಹೆಸರು ಬರೆಸಿ, ಕ್ಯಾಮೆರಾದ ಪೆಟ್ಟಿಗೆ ಹಿಡಿದುಕೊಂಡು ಪ್ಯಾನೆಲ್ ರೂಮಿನ ಬಾಗಿಲಲ್ಲಿ ನಿಂತಾಗ ಆತ ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿದ್ದ. ಕಾಲು ತೆಗೆಯಲಿಲ್ಲ. ನಾನು ತಮಿಳಿನಲ್ಲಿ ವಣಕ್ಕಂ ಹೇಳಿ, ಇನ್ಶೂರೆನ್ಸ್‌ನವರು ಕೇಳಿರುವ ಥರ್ಮಲ್ ತಪಾಸಣೆಗೆ ಬಂದಿದ್ದೇನೆ ಎಂದೆ. ಆತ ನನ್ನ ಭುಜದ ಹಿಂದೆ ಕಣ್ಣಾಡಿಸಿದ.

"ಸಾರ್ ಎಲ್ಲಿ?"

"ಸಾರ್ ಯಾರೂ ಇಲ್ಲ. ನಾನೇ."

ಪಕ್ಕದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಹಳೇ ಬಟ್ಟೆಯಲ್ಲಿ ಟೆಸ್ಟರ್ ಒರೆಸುತ್ತಿದ್ದ. ಫೋರ್‌ಮನ್ ಅವನ ಕಡೆ ತಿರುಗಿ ಮಾತಾಡಿದ. ಆ ಮಾತು ತಮಿಳಲ್ಲ.

"ನೋಡ್ದಾ? ಗಂಡಸ್ರು ಯಾರೂ ಸಿಕ್ಕಿಲ್ಲ ಅವ್ರಿಗೆ. ಬೊಂಬೆ ಕಳ್ಸವ್ರೆ."

"ಬೊಂಬೆ ಕೈಗೆ ಆಟಕ್ಕೆ ಒಂದು ಪೆಟ್ಟಿ ಬೇರೆ, ಬಾವ," ಎಂದ ಅವನು.

ಇಬ್ಬರೂ ನಕ್ಕರು. ನಾನು ಏನೂ ಅರ್ಥವಾಗದವಳ ಹಾಗೆ ಗೋಡೆಯ ಮೇಲಿನ ಫೈರ್ ಸಿಲಿಂಡರ್ ನೋಡುತ್ತಾ ನಿಂತೆ.

ಅವರಾಡಿದ್ದು ನನ್ನ ಅಜ್ಜಿಯ ಮಾತು. ತಮಿಳುನಾಡಿನ ಕಂಬಂ ಪಕ್ಕದ ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಆಡುವ ಕನ್ನಡ, ಅರ್ಧ ತಮಿಳಿನಲ್ಲಿ ನೆಂದು ಬಂದದ್ದು. ಕರ್ನಾಟಕದವರು ಕೇಳಿದರೆ ಎರಡು ಸಲ "ಏನಂದ್ರಿ" ಎನ್ನುತ್ತಾರೆ. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಇನ್ನೂ ಆಮೇಲೆ, ಹೊಸೂರಿನಲ್ಲಿ ಕೆಲಸಕ್ಕಿದ್ದಾಗ. ಈ ಮಿಲ್ಲಿಗೆ ಹೋದಾಗ ನನಗೆ ಮೂವತ್ತೆರಡು. ದಿಂಡಿಗಲ್‌ನ ಒಂದು ತಪಾಸಣಾ ಕಂಪನಿಯಲ್ಲಿ ಏಳನೇ ವರ್ಷ. ಹೊರಗೆ ತಮಿಳು, ರಿಪೋರ್ಟಿನಲ್ಲಿ ಇಂಗ್ಲಿಷು, ಅಮ್ಮನ ಜೊತೆ ಫೋನಿನಲ್ಲಿ ಮಾತ್ರ ಈ ಮಾತು.

ನಾನೂ ನಿಮ್ಮವಳೇ ಎಂದು ಯಾಕೆ ಹೇಳಲಿಲ್ಲ ಎಂದು ಆಮೇಲೆ ತುಂಬಾ ಜನ ಕೇಳಿದರು. ಕಾರಣವಿತ್ತು. ಮೂರು ವರ್ಷದ ಹಿಂದೆ ತೇನಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಹಾಗೆ ಹೇಳಿ ಕೆಟ್ಟಿದ್ದೆ. ಯಾವ ಊರು, ಯಾರ ಮಗಳು, ಯಾವ ಮನೆತನ ಎಂದು ಶುರುವಾದದ್ದು ಎಲೆ ಹಾಕಿ ಊಟಕ್ಕೆ ಕೂರಿಸುವವರೆಗೆ ಹೋಯಿತು. ಕೊನೆಗೆ ಮಿಲ್ಲಿನ ಯಜಮಾನರು, "ನಮ್ಮನೆ ಮಗಳು ನೀನು, ಒಂದಿಷ್ಟು ನೋಡ್ಕಂಡು ಬರಿ ತಾಯಿ" ಎಂದರು. ನಾನು ನೋಡಿಕೊಂಡೇ ಬರೆದೆ. ಕೂಡಲೇ ಸರಿಪಡಿಸಬೇಕು ಎನ್ನುವ ಕಡೆ ಮುಂದೆ ಗಮನಿಸಬೇಕು ಎಂದು ಬರೆದೆ. ಅಲ್ಲಿ ಏನೂ ಆಗಲಿಲ್ಲ. ಆದರೆ ಆರು ತಿಂಗಳು ಬೆಂಕಿಯ ಸುದ್ದಿ ಎಲ್ಲಿಂದ ಬಂದರೂ ಮೊದಲು ಊರಿನ ಹೆಸರು ನೋಡುತ್ತಿದ್ದೆ. ಅವತ್ತಿನಿಂದ ಕೆಲಸದ ಜಾಗದಲ್ಲಿ ನನಗೆ ಊರಿಲ್ಲ, ಮನೆತನವಿಲ್ಲ ಎಂದುಕೊಂಡೆ.

ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಅವರು ಬೊಂಬೆ ಎಂದ ಮೇಲೆ ನನಗೆ ಅವರ ಮೇಲೆ ಒಂದು ಕೆಟ್ಟ ಆಸೆ ಹುಟ್ಟಿತು. ಮಾತಾಡಲಿ, ಎಲ್ಲಾ ಕೇಳಿಸಿಕೊಳ್ಳುತ್ತೇನೆ ಅನ್ನಿಸಿತು.

ನನ್ನ ಕೆಲಸ ಇಷ್ಟೇ. ಕರೆಂಟು ಹರಿಯುವ ದಾರಿಯಲ್ಲಿ ಒಂದು ಬೋಲ್ಟು ಸಡಿಲವಾದರೆ, ಒಂದು ಜೋಡಣೆ ಕೆಟ್ಟರೆ, ಅಲ್ಲಿ ಬಿಸಿ ಹುಟ್ಟುತ್ತದೆ. ಮೊದಲು ಸ್ವಲ್ಪ, ಆಮೇಲೆ ಅದೇ ಬಿಸಿಗೆ ಜೋಡಣೆ ಇನ್ನಷ್ಟು ಕೆಟ್ಟು ಇನ್ನಷ್ಟು ಬಿಸಿ. ಕಣ್ಣಿಗೆ ಹೊಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನನ್ನ ಕ್ಯಾಮೆರಾ ಆ ಬಿಸಿಯನ್ನು ಬಣ್ಣವಾಗಿ ತೋರಿಸುತ್ತದೆ: ತಣ್ಣಗಿದ್ದದ್ದು ನೀಲಿ, ಬೆಚ್ಚಗಿದ್ದದ್ದು ಕೆಂಪು, ಬಿಸಿಯಾದದ್ದು ಹಳದಿ, ತೀರಾ ಬಿಸಿಯಾದದ್ದು ಬಿಳಿ. ಮುಟ್ಟಬೇಕಾಗಿಲ್ಲ, ಮಿಲ್ಲು ನಿಲ್ಲಿಸಬೇಕಾಗಿಲ್ಲ. ನಿಲ್ಲಿಸಲೇಬಾರದು. ಮೆಷಿನ್ನುಗಳು ಓಡುತ್ತಾ, ಕೇಬಲ್‌ಗಳ ಮೇಲೆ ಸರಿಯಾಗಿ ಲೋಡು ಇದ್ದಾಗಲೇ ನೋಡಬೇಕು. ಒಲೆ ಆರಿಸಿದ ಮೇಲೆ ಪಾತ್ರೆ ನೋಡಿದರೆ ಏನು ಗೊತ್ತಾಗುತ್ತದೆ?

ಹತ್ತಿ ಮಿಲ್ಲಿನಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ಮುಖ್ಯ. ಅಲ್ಲಿ ಸಣ್ಣ ನಾರು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ರೆಪ್ಪೆಯ ಮೇಲೆ, ಪೈಪಿನ ಮೇಲೆ, ಪ್ಯಾನೆಲ್‌ನ ಸಂದಿಯಲ್ಲಿ ಬಂದು ಕೂರುತ್ತದೆ. ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಮೊದಲ ಒಂದೂವರೆ ಗಂಟೆ ಸಣ್ಣ ಪ್ಯಾನೆಲ್‌ಗಳನ್ನು ನೋಡಿದೆವು. ಫೋರ್‌ಮನ್ ಮುಂದೆ, ನಾನು ಮಧ್ಯೆ, ಆತನ ತಂಗಿಯ ಗಂಡ ಹಿಂದೆ. ಟೆಸ್ಟರ್ ಒರೆಸುತ್ತಿದ್ದವನು ಅವನೇ ಎಂಬುದು ಅವರ ಮಾತಿನಿಂದಲೇ ತಿಳಿಯಿತು. ಫೋರ್‌ಮನ್‌ಗೆ ಐವತ್ತು ದಾಟಿತ್ತು, ಅವನಿಗೆ ನಲವತ್ತು. ನಾನು ಬೆಂಕಿ ತಡೆಯುವ ಕೋಟು, ಮುಖಕ್ಕೆ ಗಾಜಿನ ಕವಚ ಹಾಕಿಕೊಂಡಾಗ ಹಿಂದಿನಿಂದ, "ವೆಲ್ಡಿಂಗ್‌ಗೆ ಹೊಂಟವ್ಳೆ" ಎಂದ. ಬಾಗಿಲು ತೆಗೆದ ಪ್ಯಾನೆಲ್‌ನಿಂದ ಮೂರಡಿ ದೂರ ನಿಲ್ಲಿ ಎಂದು ನಾನು ತಮಿಳಿನಲ್ಲಿ ಹೇಳಿದರೆ ಫೋರ್‌ಮನ್ ಬೇಕೆಂದೇ ಒಂದು ಹೆಜ್ಜೆ ಮುಂದೆ ಬಂದು ನಿಂತ. "ಇಪ್ಪತ್ತಾರು ವರ್ಷ ಇದರೊಳಗೆ ಕೈ ಇಟ್ಟಿದ್ದೇನೆ ಮೇಡಂ," ಎಂದ. ಮೇಡಂ ಎನ್ನುವುದನ್ನು ಆತ ಉಗಿದ ಹಾಗೆ ಹೇಳುತ್ತಿದ್ದ.

ಒಂದು ಪ್ಯಾನೆಲ್‌ನಲ್ಲಿ ಹೊಳೆಯುವ ಹೊಸ ತಾಮ್ರದ ಪಟ್ಟಿ ಇತ್ತು. ಕ್ಯಾಮೆರಾದ ಪರದೆಯಲ್ಲಿ ಅದರ ಮೇಲೊಂದು ಹಳದಿ ಕಲೆ ಕಂಡಿತು. ಫೋರ್‌ಮನ್ ನನ್ನ ಹೆಗಲ ಮೇಲಿನಿಂದ ಇಣುಕಿ ನಕ್ಕ.

"ಹೋದ ತಿಂಗಳು ಹಾಕಿದ ಪಟ್ಟಿ. ನಿಮ್ಮ ಪೆಟ್ಟಿಗೆ ಅದನ್ನೂ ಕೆಟ್ಟಿದೆ ಅನ್ನುತ್ತದೆ. ಬರೆದುಕೊಳ್ಳಿ."

ನಾನು ಎಡಕ್ಕೆ ಎರಡು ಹೆಜ್ಜೆ ಸರಿದೆ. ಕಲೆಯೂ ಸರಿಯಿತು. "ಅದು ಪಟ್ಟಿಯ ಬಿಸಿಯಲ್ಲ, ಸಾರ್. ನಿಮ್ಮ ಮೈಯ ಬಿಸಿ ಮತ್ತು ನನ್ನದು. ಹೊಳೆಯುವ ಲೋಹ ಕನ್ನಡಿಯ ಹಾಗೆ. ಅದನ್ನು ನಂಬಬಾರದು ಎಂದು ನನಗೆ ಗೊತ್ತು."

ಆತನ ನಗು ನಿಂತಿತು. ಹಿಂದಿನವನು ಕೆಮ್ಮಿದ. ನಾನು ಬೇಕಿದ್ದರೆ ಅದನ್ನು ಮೆತ್ತಗೆ ಹೇಳಬಹುದಿತ್ತು. ಹೇಳಲಿಲ್ಲ.

ಹತ್ತೂವರೆಗೆ ಮೇನ್ ಪ್ಯಾನೆಲ್‌ಗೆ ಬಂದೆವು. ಅಲ್ಲಿಂದ ಮಿಲ್ಲಿಗೆ ಕರೆಂಟು ಒಯ್ಯುವ ಮೂರು ದೊಡ್ಡ ಫೀಡರ್‌ಗಳು ಹೊರಡುತ್ತವೆ. ಮೂರನೆಯದು ನೂಲು ತೆಗೆಯುವ ರಿಂಗ್ ಫ್ರೇಮ್‌ಗಳ ಹಾಲಿಗೆ. ಮೊದಲ ಎರಡನ್ನು ನೋಡಿ ಮುಗಿಸುವಷ್ಟರಲ್ಲಿ ಫೋರ್‌ಮನ್ ತನ್ನ ಭಾವಮೈದುನನಿಗೆ, ಹವಾಮಾನ ಹೇಳುವ ಧ್ವನಿಯಲ್ಲಿ ಹೇಳಿದ:

"ನೀ ಓಗಿ ಫ್ರೇಮ್ ಅರ್ಧ ನಿಲ್ಸಿಬುಡು. ಸಫಾಯಿ ವೇಲೆ ಅಂತ ಏಳು. ಲೋಡ್ ಇಲ್ದಿದ್ರೆ ಇವ್ಳ ಪೆಟ್ಟಿಗೆ ಏನ್ ಕಾಣ್ತದೆ? ಇವತ್ತೊಂದು ದಿನ ಈ ತೊಲ್ಲೆ ತೀರ್ಲಿ."

ವೇಲೆ ಎಂದರೆ ಕೆಲಸ, ತೊಲ್ಲೆ ಎಂದರೆ ಕಾಟ. ಆ ಕಾಟ ನಾನು. ಅವನು ಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಒಂದೇ ಸಮನೆ ಬರುತ್ತಿದ್ದ ಸದ್ದು ತೆಳುವಾಯಿತು. ನಾನು ಚೀಲದಿಂದ ಕ್ಲ್ಯಾಂಪ್ ಮೀಟರ್ ತೆಗೆದು, ಪ್ಯಾನೆಲ್‌ನ ಕೆಳಗೆ ಹೊರಬಂದಿದ್ದ ಮೂರನೇ ಫೀಡರ್‌ನ ಒಂದು ಕೇಬಲ್ ಸುತ್ತ ಹಿಡಿದೆ. ಕರೆಂಟು ಎಷ್ಟು ಹರಿಯುತ್ತಿದೆ ಎಂದು ಅದು ಮುಟ್ಟದೆಯೇ ಹೇಳುತ್ತದೆ. ಎಂದಿನ ಲೋಡಿನ ಅರ್ಧವೂ ಇರಲಿಲ್ಲ. ಅವರ ಮಾತು ಅರ್ಥವಾಗದಿದ್ದರೂ ಇದು ನನಗೆ ಗೊತ್ತಾಗುತ್ತಿತ್ತು. ಲೋಡು ನೋಡದೆ ನಾನು ಫೋಟೋ ತೆಗೆಯುವುದಿಲ್ಲ. ಆದರೆ ಅರ್ಥವಾಗಿದ್ದರಿಂದ ಮೈ ಉರಿಯಿತು.

"ಸಾರ್, ಲೋಡು ಸಾಲದು. ಫ್ರೇಮ್‌ಗಳನ್ನು ಓಡಿಸಿ."

"ಸಫಾಯಿ ನಡೆಯುತ್ತಿದೆ. ಇದ್ದಷ್ಟರಲ್ಲಿ ನೋಡಿ."

"ಇದ್ದಷ್ಟರಲ್ಲಿ ನೋಡುವುದಾದರೆ ನಾನು ಬರಬೇಕಾಗಿರಲಿಲ್ಲ. ಮೂರನೇ ಫೀಡರ್‌ಗೆ ಲೋಡು ಕೊಡಲು ಒಪ್ಪಲಿಲ್ಲ, ತಪಾಸಣೆ ಆಗಿಲ್ಲ ಎಂದು ಬರೆಯುತ್ತೇನೆ."

"ಬರೆಯಿರಿ," ಎಂದ. "ನಿಮ್ಮಂಥವರು ಬರೆದದ್ದು ನಾನು ಎಷ್ಟು ನೋಡಿಲ್ಲ."

ನಾನು ಮ್ಯಾನೇಜರ್‌ಗೆ ಫೋನ್ ಮಾಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಐದು ನಿಮಿಷಕ್ಕೆ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ವಿಷಯ ಕೇಳಿ, ನಗುತ್ತಾ, ಸಮಾಧಾನದ ಧ್ವನಿಯಲ್ಲಿ, "ಮೇಡಂ, ನಮಗೆ ಬೇಕಾದದ್ದು ಒಂದು ಸರ್ಟಿಫಿಕೇಟು. ಎಲ್ಲಾ ನಾರ್ಮಲ್ ಎಂದು ಹಾಕಿ. ಮುಂದಿನ ವರ್ಷ ನಿಧಾನವಾಗಿ ನೋಡೋಣ," ಎಂದರು.

"ನೋಡದೇ ಇರುವುದನ್ನು ನಾರ್ಮಲ್ ಎನ್ನಲು ಬರುವುದಿಲ್ಲ ಸಾರ್. ನೋಡಲು ಬಿಡಲಿಲ್ಲ ಎಂದು ಹಾಕಬಹುದು. ಅದನ್ನು ಇನ್ಶೂರೆನ್ಸ್‌ನವರು ಓದುತ್ತಾರೆ."

ಅವರ ನಗು ಹೋಯಿತು. ಫೋರ್‌ಮನ್ ಕಡೆ ತಿರುಗಿ, "ಓಡಿಸಯ್ಯಾ. ಇವರು ಬಿಡುವ ಹಾಗೆ ಕಾಣುವುದಿಲ್ಲ," ಎಂದು ಹೇಳಿ ಆಫೀಸಿಗೆ ಹೋದರು.

ಫ್ರೇಮ್‌ಗಳು ಮತ್ತೆ ಓಡಿ, ಕೇಬಲ್‌ಗಳು ತಮ್ಮ ಎಂದಿನ ಬಿಸಿಗೆ ಬರಲು ಮುಕ್ಕಾಲು ಗಂಟೆಯಾದರೂ ಬೇಕು. ಆ ಹೊತ್ತಿಗೆ ಚಹಾ ಬಂತು. ತಟ್ಟೆಯಲ್ಲಿ ಮೂರು ಲೋಟವಿತ್ತು. ಫೋರ್‌ಮನ್ ಒಂದು ತೆಗೆದುಕೊಂಡ, ಭಾವಮೈದುನ ಒಂದು, ಮೂರನೆಯದನ್ನು ಫೋರ್‌ಮನ್ ವಾಪಸು ಕಳಿಸಿದ. ನಾನು ಹೊರಗೆ ಹತ್ತಿ ಮೂಟೆಗಳ ಗೋಡೌನಿನ ಮೆಟ್ಟಿಲಲ್ಲಿ ಕೂತೆ. ದೂರದಲ್ಲಿ ದಿಂಡಿಗಲ್‌ನ ಬೋಳು ಬಂಡೆ ಬಿಸಿಲಿಗೆ ಕಾಯುತ್ತಿತ್ತು. ಪ್ಯಾನೆಲ್ ರೂಮಿನ ಕಿಟಕಿ ನನ್ನ ತಲೆಯ ಹಿಂದೆಯೇ ಇತ್ತು. ಅವರು ಧ್ವನಿ ಇಳಿಸಲಿಲ್ಲ. ಯಾಕೆ ಇಳಿಸುತ್ತಾರೆ?

"ಬಾವ, ಅವತ್ತು ಸುತ್ತಿಗೇಲಿ ಬಡ್ದು ಕೂರಿಸ್ದೆವಲ್ಲ, ಆ ಲಗ್ಗು. ಅದ್ರಲ್ಲೇ ಸಿಕ್ಕಂತೀವಿ ಈಗ."

"ಮತ್ತೇನ್ ಮಾಡದು? ಲಗ್ಗು ಒತ್ತೋ ಮಿಷಿನ್ ಮುರ್ದು ಬಿದ್ದದೆ. ವಾಂಗಿ ಕುಡು ಅಂದ್ರೆ ಕುಡ್ಲಿಲ್ಲ. ಶಟ್‌ಡೌನ್ ಕುಡು ಅಂತ ಮೂರ್ ತಡವೆ ಬರ್ದೆ. ಆರ್ಡರ್ ಐತೆ, ಆರ್ಡರ್ ಐತೆ ಅಂದ ಆ ವೆಳ್ಳೆ ಸಟ್ಟೆ."

"ನೋಟ್‌ನಾಗೆ ಐತಲ್ಲ ನೀ ಬರ್ದದ್ದು."

"ಐತೆ. ಯಾರ್ ನೋಡ್ತಾರೆ? ಹೆಚ್ಚುಕಮ್ಮಿ ಆದ್ರೆ ಫೋರ್‌ಮನ್ ತಾನೇ ಸುತ್ತಿಗೆ ಇಕ್ಕಿದ್ದು ಅಂತಾರೆ. ಇವ್ಳಿಗೂ ಅದೇ ಬೇಕು. ಯಾರ ತಲೆ ಸಿಕ್ತದೆ ಅಂತ ಕಾಯ್ತಾವ್ಳೆ."

ಕೇಬಲ್‌ನ ತುದಿಗೆ ಹಾಕುವ ಲೋಹದ ಟೋಪಿಯಂಥದ್ದು ಲಗ್ಗು. ಅದನ್ನು ಯಂತ್ರದಲ್ಲಿ ಬಿಗಿಯಾಗಿ ಒತ್ತಿ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದರೆ ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಸಡಿಲವಿರುತ್ತದೆ. ಆ ಯಂತ್ರ ಕೊಂಡು ಕೊಡದ ವೆಳ್ಳೆ ಸಟ್ಟೆ, ಎಂದರೆ ಬಿಳಿ ಅಂಗಿ, ಮ್ಯಾನೇಜರ್.

ಆ ಮೆಟ್ಟಿಲಲ್ಲಿ ಕೂತಾಗ ನನಗೆ ಆತನ ಮೇಲೆ ಕನಿಕರ ಬರಲಿಲ್ಲ. ಬಂದಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ, ಸುಳ್ಳಾಗುತ್ತದೆ. ಮೂರು ಸಲ ಬರೆದವನು ನಾಲ್ಕನೇ ಸಲ ನನ್ನೆದುರು ಅದನ್ನೇ ಹೇಳುವುದು ಬಿಟ್ಟು ಲೋಡು ಇಳಿಸಿದನಲ್ಲ, ಅದರ ಮೇಲೆ ಸಿಟ್ಟೇ ಬಂತು. ಜೊತೆಗೆ ಇನ್ನೊಂದು ಇಕ್ಕಟ್ಟು. ನನಗೆ ಈಗ ಗೊತ್ತಿರುವುದನ್ನು ರಿಪೋರ್ಟಿನಲ್ಲಿ ಬರೆಯುವ ಹಾಗಿಲ್ಲ. ಕಿಟಕಿಯಡಿ ಕೂತು ಕೇಳಿಸಿಕೊಂಡೆ ಎಂದು ಯಾವ ತಪಾಸಣೆಯವರೂ ಬರೆಯುವುದಿಲ್ಲ.

ಹನ್ನೊಂದೂಮುಕ್ಕಾಲಿಗೆ ಮೀಟರ್ ಪೂರ್ತಿ ಲೋಡು ತೋರಿಸಿತು. ಮ್ಯಾನೇಜರ್ ಕೂಡ ಬಂದು ಬಾಗಿಲಲ್ಲಿ ನಿಂತರು. ಫೋರ್‌ಮನ್ ಮೂರನೇ ಫೀಡರ್‌ನ ಬಾಗಿಲ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಬಾಗಿಲು ತೆಗೆದು, ಅದರ ಪಕ್ಕದಲ್ಲೇ ನಿಂತ.

ನಾನು ಕ್ಯಾಮೆರಾ ಎತ್ತಿದೆ. ಮೂರು ಫೇಸ್‌ಗಳ ಮೂರು ಕೇಬಲ್, ಮೂರು ಲಗ್ಗು. ಎಡಗಡೆಯದು ನೀಲಿ. ಬಲಗಡೆಯದು ನೀಲಿ. ನಡುವಿನದು ಬೆಳ್ಳಗೆ ಉರಿಯುತ್ತಿತ್ತು. ಅದರಿಂದ ಕೇಬಲ್ ಉದ್ದಕ್ಕೂ ಹಳದಿ ಕೆಳಗಿಳಿದು, ಒಂದು ಗೇಣಿನಷ್ಟು ದೂರ ಹೋಗಿ ಕೆಂಪಾಗಿ ಮಂಕಾಗಿತ್ತು. ಮೂರರಲ್ಲೂ ಒಂದೇ ಲೋಡು. ಒಂದಕ್ಕೆ ಮಾತ್ರ ಜ್ವರ. ನಾನು ಮೂರು ಫೋಟೋ ತೆಗೆದು, ಪರದೆಯನ್ನು ಮ್ಯಾನೇಜರ್ ಕಡೆ ತಿರುಗಿಸಿದೆ.

"ಇದು ಇವತ್ತೇ ನಿಲ್ಲಬೇಕು ಸಾರ್. ನಾಳೆಗೆ ಇಡಬೇಡಿ."

ಮ್ಯಾನೇಜರ್ ಫೋರ್‌ಮನ್ ಮುಖ ನೋಡಿದರು. "ಏನಯ್ಯಾ ಇದು? ಇದರೊಳಗೆ ಇಂಥದ್ದಿದೆ ಎಂದು ಒಂದು ದಿನವಾದರೂ ನನಗೆ ಹೇಳಿದ್ದೀಯಾ?"

ಫೋರ್‌ಮನ್‌ನ ಕತ್ತಿನ ನರ ಎದ್ದು ನಿಂತದ್ದು ಈಗಲೂ ನನ್ನ ಕಣ್ಣ ಮುಂದಿದೆ. ಉತ್ತರ ಕೊಡುವ ಬದಲು ಆತ ಪ್ಯಾಂಟಿನ ಜೇಬಿನಿಂದ ಸ್ಪ್ಯಾನರ್ ತೆಗೆದ. ಹಿಡಿಗೆ ಎರಡು ಸುತ್ತು ಟೇಪು ಸುತ್ತಿದ್ದ ಹಳೇ ಸ್ಪ್ಯಾನರ್.

"ಇದೇನು ದೊಡ್ಡದಲ್ಲ ಸಾರ್. ಒಂದು ಸುತ್ತು ಬಿಗಿ ಮಾಡಿದರೆ ತಣ್ಣಗಾಗುತ್ತದೆ. ಇವರ ಕ್ಯಾಮೆರಾದಲ್ಲೇ ತೋರಿಸುತ್ತೇನೆ," ಎನ್ನುತ್ತಾ ಕರೆಂಟು ಹರಿಯುತ್ತಿದ್ದ ಆ ನಡುವಿನ ಬೋಲ್ಟಿಗೆ ಕೈ ನೀಡಿದ.

ಎರಡು ಕಡೆ ಎರಡು ಫೇಸ್, ನಾಲ್ಕು ಬೆರಳಿನ ಅಂತರ. ಬಿಸಿಯಲ್ಲಿ ಬೆಂದ ಬೋಲ್ಟಿನ ಮೇಲೆ ಸ್ಪ್ಯಾನರ್ ಜಾರಿ ಪಕ್ಕದ್ದಕ್ಕೆ ತಗುಲಿದರೆ ಆ ಇಡೀ ಪೆಟ್ಟಿಗೆ ಬೆಂಕಿಯಾಗಿ ಮುಖಕ್ಕೆ ಬರುತ್ತದೆ. ನಾನು ಅದನ್ನು ಯೋಚಿಸಿ ಮಾತಾಡಿದವಳಲ್ಲ. ತಮಿಳಿಗೂ ಇಂಗ್ಲಿಷಿಗೂ ಹೋಗುವಷ್ಟು ಹೊತ್ತಿರಲಿಲ್ಲ.

"ಮಾಮ, ಕೈ ಇಕ್ಕಬ್ಯಾಡ."

ಆತನ ಕೈ ಗಾಳಿಯಲ್ಲಿ ನಿಂತಿತು.

"ಕೈ ಈಚೆ ತಕ್ಕ. ಹಿಂದಕ್ ಬಾ."

ಆತ ಹಿಂದೆ ಬಂದ. ಒಂದು ಹೆಜ್ಜೆ, ಇನ್ನೊಂದು. ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು. ಮೊದಲು ನನ್ನನ್ನು ನೋಡಿದ, ಆಮೇಲೆ ಭಾವಮೈದುನನನ್ನು, ಮತ್ತೆ ನನ್ನನ್ನು. ಬೆಳಿಗ್ಗೆಯಿಂದ ಆಡಿದ ಒಂದೊಂದು ಮಾತೂ ಆತನ ತಲೆಯಲ್ಲಿ ತಿರುಗಿ ಬರುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

"ಕಾಲೈಲಿಂದ ಕೇಳ್ಕಂಡ್ ನಿಂತಿದ್ದಿಯಾ?" ಎಂದ, ಕೆಳಗಿನ ಧ್ವನಿಯಲ್ಲಿ.

"ಬೆಳ್ಗಿಂದ್ಲೂ ಕೇಳ್ತಿದ್ದೆ."

"ಕಳ್ಳಿ ಹಂಗೆ."

"ಆಡಿದ್ದು ನೀವು. ಕಿವಿ ಮುಚ್ಕಂಡ್ ನಿಲ್ಲಕಾಯ್ತದಾ ನಾನು?"

ಕೈ ಉಳಿಯಿತು, ಜೀವ ಉಳಿಯಿತು ಎಂಬ ಯಾವ ಗುರುತೂ ಆ ಕಣ್ಣಲ್ಲಿ ಇರಲಿಲ್ಲ. ಇದ್ದದ್ದು ಬರೀ ಅವಮಾನ.

ಮ್ಯಾನೇಜರ್‌ಗೆ ನಮ್ಮ ಮಾತು ಒಂದೂ ತಿಳಿಯಲಿಲ್ಲ. ಆದರೆ ಅವರಿಗೆ ಬೇಕಾದದ್ದು ತಿಳಿಯಿತು. "ಓಹೋ, ನೀವಿಬ್ಬರೂ ಒಂದೇ ಜನವೇ?" ಎಂದರು ತಮಿಳಿನಲ್ಲಿ. "ಮೇಡಂ, ಇದು ತಪಾಸಣೆಯೋ ಸಂಬಂಧಿಕರ ಜಗಳವೋ? ಈ ರಿಪೋರ್ಟನ್ನು ನಾನು ಹೇಗೆ ನಂಬಲಿ? ನಿಮ್ಮ ಆಫೀಸಿಗೆ ಮಾತಾಡುತ್ತೇನೆ."

"ಮಾತಾಡಿ ಸಾರ್. ಅದಕ್ಕೆ ಮುಂಚೆ ಈ ಫೀಡರ್ ನಿಲ್ಲಿಸಿ. ಮತ್ತೆ ನಿಮ್ಮ ಶಟ್‌ಡೌನ್ ಕೇಳುವ ಪುಸ್ತಕ ಬೇಕು. ಈ ಪ್ಯಾನೆಲ್‌ಗೆ ಕಳೆದ ವರ್ಷ ಏನೇನು ಕೆಲಸವಾಗಿದೆ ನೋಡಬೇಕು."

ಅದು ಕಿಟಕಿಯಡಿ ಕೇಳಿದ್ದರಿಂದ ಹೊಳೆದದ್ದು ನಿಜ. ಆದರೆ ತಪಾಸಣೆಗೆ ಹೋದವರು ಆ ಪುಸ್ತಕ ಕೇಳುವುದು ತಪ್ಪಲ್ಲ, ನಾನು ಎಲ್ಲಾ ಕಡೆ ಕೇಳುತ್ತೇನೆ. ಫೋರ್‌ಮನ್ ಮಾತ್ರ ಅದನ್ನು ತನ್ನನ್ನು ಹಿಡಿಯಲು ಕೇಳಿದೆ ಎಂದುಕೊಂಡ. "ಪುಸ್ತಕ ಇಲ್ಲ," ಎಂದ. ಮ್ಯಾನೇಜರ್ ಕೂಡ, "ಅದು ಆಫೀಸಿನ ಒಳಗಿನ ವಿಷಯ," ಎಂದರು. ಆ ದಿನ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯವಿರಬೇಕು.

ಪುಸ್ತಕ ತಂದವನು ಭಾವಮೈದುನ. ಯಾರನ್ನೂ ಕೇಳದೆ ಬೀರುವಿನಿಂದ ತೆಗೆದು ನನ್ನ ಕೈಗೆ ಕೊಟ್ಟ. ಫೋರ್‌ಮನ್ ಅವನ ಹೆಸರು ಹಿಡಿದು ಕೂಗಿದ. ಅವನು ತಿರುಗಿ ನೋಡಲಿಲ್ಲ.

ಮೂರು ಪುಟಗಳಲ್ಲಿ, ಓರೆಯಾದ ತಮಿಳು ಅಕ್ಷರದಲ್ಲಿ ಇತ್ತು. ಮೂರನೇ ಫೀಡರ್ ಬಿಸಿಯಾಗುತ್ತಿದೆ, ಶಟ್‌ಡೌನ್ ಬೇಕು, ಲಗ್ಗು ಒತ್ತುವ ಯಂತ್ರ ಬೇಕು. ಮೂರರ ಕೆಳಗೂ ಮ್ಯಾನೇಜರ್ ಸಹಿ, ಆಮೇಲೆ ನೋಡೋಣ ಎಂಬ ಒಂದೇ ಮಾತು. ನಾಲ್ಕನೇ ಪುಟದಲ್ಲಿ ಅದೇ ಓರೆ ಅಕ್ಷರ: ನಡುವಿನ ಫೇಸ್‌ನ ಲಗ್ಗು ಬದಲಿಸಲಾಗಿದೆ, ಎಲ್ಲಾ ಸರಿ ಇದೆ. ಯಂತ್ರವೇ ಇಲ್ಲದೆ ಹೇಗೆ ಬದಲಿಸಿದರು ಎಂದು ಅದರಲ್ಲಿ ಇರಲಿಲ್ಲ.

ನಾಲ್ಕು ಪುಟಗಳ ಫೋಟೋವನ್ನೂ ತೆಗೆದೆ. ಮೂರನ್ನು ಮಾತ್ರ ತೆಗೆದಿದ್ದರೆ ಫೋರ್‌ಮನ್ ಉಳಿಯುತ್ತಿದ್ದ. ಆತ ಏನು ತಿಳಿದುಕೊಂಡಿದ್ದರೂ, ನನಗೆ ಆ ಆಸೆ ಒಂದು ಕ್ಷಣ ಬಂದಿತ್ತು. ತೇನಿಯ ಅಕ್ಕಿ ಮಿಲ್ಲು ನೆನಪಾಯಿತು. ನಾಲ್ಕನೆಯದನ್ನೂ ತೆಗೆದೆ.

ಮಧ್ಯಾಹ್ನ ಎರಡಕ್ಕೆ ಫೀಡರ್ ನಿಲ್ಲಿಸಿದರು. ಯಾರೂ ಮತ್ತೆ ಹಾಕದ ಹಾಗೆ ಸ್ವಿಚ್ಚಿಗೆ ಬೀಗ ಹಾಕಿ, ಕರೆಂಟಿಲ್ಲ ಎಂದು ಪರೀಕ್ಷಿಸಿ, ಆಮೇಲೆ ಬೋಲ್ಟು ಬಿಚ್ಚಿದರು. ಬಿಚ್ಚಿದವನು ಫೋರ್‌ಮನ್‌ನೇ. ಲಗ್ಗು ಆತನ ಕೈಗೆ ಸುಮ್ಮನೆ ಕಳಚಿ ಬಂತು, ಎಳೆಯಬೇಕಾಗಿಯೂ ಇರಲಿಲ್ಲ. ಒಳಗಿನ ತಾಮ್ರದ ಎಳೆಗಳು ಕರ್ರಗಾಗಿ ಕೆಲವು ತುಂಡಾಗಿದ್ದವು. ಮೇಲಿನ ರಬ್ಬರು ಹಳೇ ರೊಟ್ಟಿಯ ಹಾಗೆ ಪುಡಿಯಾಗಿ ಉದುರಿತು. ಆ ಪುಡಿಯ ಜೊತೆಗೆ ಸಂದಿಯಲ್ಲಿ ಕೂತಿದ್ದ ಹತ್ತಿಯ ನಾರೂ ಬಿತ್ತು, ಕಂದು ಬಣ್ಣಕ್ಕೆ ತಿರುಗಿದ ನಾರು. ಮ್ಯಾನೇಜರ್ ಅದನ್ನು ನೋಡಿ ಹೊರಗೆ ಹೋದರು. ಹೊರಗಿನಿಂದ ಯಂತ್ರ ತರಿಸಿ ಹೊಸ ಲಗ್ಗು ಒತ್ತಿ, ಸಂಜೆ ಲೋಡು ಕೊಟ್ಟು ಮತ್ತೆ ನೋಡಿದೆ. ಮೂರೂ ನೀಲಿ. ಸಹಿ ಹಾಕಲು ಫೋರ್‌ಮನ್ ಮುಂದೆ ಕಾಗದ ಹಿಡಿದಾಗ ಆತ ನನ್ನ ಪೆನ್ನು ಮುಟ್ಟದೆ ತನ್ನದನ್ನು ತೆಗೆದ.

ನನ್ನ ರಿಪೋರ್ಟು ಇನ್ಶೂರೆನ್ಸ್‌ನವರಿಗೆ ತಲುಪುವ ಮುಂಚೆ ಆತನ ದೂರು ಕಂಬಂ ತಲುಪಿತು. ನಮ್ಮ ಜನ ಚದುರಿದ್ದರೂ ಸುದ್ದಿ ಚದುರುವುದಿಲ್ಲ. ಆತ ನನ್ನ ಅಮ್ಮನ ಸೋದರತ್ತೆಯ ಕಡೆಯಿಂದ ಏನೋ ಆಗಬೇಕಂತೆ. ಮಾರನೇ ದಿನ ಬೆಳಿಗ್ಗೆ ನಾನು ದೋಸೆ ಹಾಕುತ್ತಿರುವಾಗ ಅಮ್ಮ ಫೋನ್ ಮಾಡಿದಳು.

"ಏನ್ ವೇಲೆ ಮಾಡಿಬುಟ್ಟೆ ನೀನು? ನಮ್ಮೋರು ಅಂತ ತಿಳ್ದೂ ಬಾಯ್ ತೆಗೀದೆ ನಿಂತಿದ್ದಂತೆ. ಕದ್ದು ಕೇಳ್ದಂತೆ. ಆಮ್ಯಾಲೆ ಎಲ್ಲಾರ ಎದುರ್ಗೆ ಮಾನ ಕಳ್ದಂತೆ."

"ಅವ್ರು ನನ್ನ ಏನಂದ್ರು ಅಂತ ಏಳಿದ್ರಾ?"

"ಗಂಡಸ್ರು ಏನೋ ಅಂತಾರೆ. ಅದ್ನ ಕೇಳ್ಕಂಡ್ ನಿಂತ್ಕಂತಾರಾ? ಮೊದ್ಲೇ ಏಳಿದ್ರೆ ಅನ್ತಿದ್ರಾ ಅವ್ರು?"

"ಅವ್ರ ಮನೆ ಹೆಣ್ಣಲ್ಲ ಅಂದ್ರೆ ಅನ್ಬೋದಾಮ್ಮ?"

ದೋಸೆ ಒಂದು ಕಡೆ ಸೀದಿತ್ತು.

"ಅವ್ರ ಕೈ ಸುಟ್ಟೋಗಿದ್ರೆ ಸೆರಿಯಾಗಿತ್ತಾ?" ಎಂದೆ.

"ಅದ್ ಬೇರೆ, ಇದ್ ಬೇರೆ," ಎಂದು ಫೋನ್ ಇಟ್ಟಳು. ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ.

ಮಿಲ್ಲಿನಲ್ಲಿ ಫೋರ್‌ಮನ್‌ಗೆ ಮೆಮೊ ಕೊಟ್ಟರು. ಪ್ಯಾನೆಲ್ ರೂಮಿನ ಬೀಗದ ಕೈಯನ್ನು ಕೆಲವು ತಿಂಗಳು ಬೇರೊಬ್ಬ ಇಂಜಿನಿಯರ್‌ಗೆ ವಹಿಸಿ, ಅವನು ಬಿಟ್ಟು ಹೋದ ಮೇಲೆ ವಾಪಸು ಆತನಿಗೇ ಕೊಟ್ಟರು. ಮ್ಯಾನೇಜರ್‌ಗೆ ಏನಾಯಿತು ಎಂದು ನನಗೆ ಗೊತ್ತಾಗಲಿಲ್ಲ, ಏನೂ ಆಗಿರಲಾರದು. ಅವರು ನಮ್ಮ ಆಫೀಸಿಗೆ ಪತ್ರ ಬರೆದದ್ದು ಮಾತ್ರ ನಿಜ. ನಾನು ಸಂಬಂಧ ಮುಚ್ಚಿಟ್ಟು ತಪಾಸಣೆ ಮಾಡಿದೆ ಎಂದು. ನಮ್ಮ ಆಫೀಸಿನ ಹಿರಿಯರು ರಿಪೋರ್ಟನ್ನು ತಿದ್ದಲಿಲ್ಲ, ಅಷ್ಟರ ಮಟ್ಟಿಗೆ ಗಟ್ಟಿಯಾಗಿ ನಿಂತರು. ಆದರೆ ನನ್ನನ್ನು ಕೂರಿಸಿ, "ನೀನು ಮೊದಲೇ ಹೇಳಬೇಕಿತ್ತಮ್ಮ," ಎಂದರು. ಅಮ್ಮ ಹೇಳಿದ್ದೂ ಅದೇ. ಬೇರೆ ಬೇರೆ ಕಾರಣಕ್ಕೆ ಎಲ್ಲರೂ ಅದನ್ನೇ ಹೇಳಿದರು. ಮರುವರ್ಷ ಆ ಮಿಲ್ಲು ಬೇರೆ ಕಂಪನಿಗೆ ಕೆಲಸ ಕೊಟ್ಟಿತು.

ಅವರೆಲ್ಲ ಹೇಳಿದ್ದರಲ್ಲಿ ಒಂದು ಪಾಲು ಸರಿ ಇತ್ತು ಎಂದು ಒಪ್ಪಲು ನನಗೆ ತುಂಬಾ ದಿನ ಬೇಕಾಯಿತು. ಲೋಡು ಇಳಿಸು ಎಂದು ಆತ ಹೇಳಿದ ಕೂಡಲೇ ನಾನು ನಮ್ಮ ಮಾತಿನಲ್ಲೇ, "ಇಳಿಸಬ್ಯಾಡಿ ಮಾಮ" ಎಂದಿದ್ದರೆ ಆ ಸ್ಪ್ಯಾನರ್ ಹೊರಗೆ ಬರುತ್ತಿರಲಿಲ್ಲವೇನೋ. ಮ್ಯಾನೇಜರ್ ಎದುರು ಆತನಿಗೆ ಅಷ್ಟು ಉರಿಯುತ್ತಿರಲಿಲ್ಲ. ನಾನು ಗೆಲ್ಲಲು ಕಾಯುತ್ತಿದ್ದೆ, ಆತ ಸೋಲದಿರಲು ಕಾಯುತ್ತಿದ್ದ, ನಮ್ಮಿಬ್ಬರ ಮಧ್ಯೆ ಆ ಬೋಲ್ಟು ಕಾಯುತ್ತಿತ್ತು. ಈಗ ಹೊಸ ಜಾಗಕ್ಕೆ ಹೋದರೆ, ನಮ್ಮ ಮಾತು ಕಿವಿಗೆ ಬಿದ್ದರೆ, ಮೊದಲ ನಿಮಿಷದಲ್ಲೇ ಅರ್ಥವಾಗುತ್ತದೆ ಎಂದು ಹೇಳಿಬಿಡುತ್ತೇನೆ. ಊಟಕ್ಕೆ ಮಾತ್ರ ಕೂರುವುದಿಲ್ಲ.

ಆತನನ್ನು ಮತ್ತೆ ನೋಡಿದ್ದು ಎರಡು ವರ್ಷದ ಮೇಲೆ, ಓಡೈಪಟ್ಟಿಯಲ್ಲಿ, ಒಂದು ಮಗುವಿನ ಕಿವಿ ಚುಚ್ಚುವ ಶಾಸ್ತ್ರದಲ್ಲಿ. ದ್ರಾಕ್ಷಿ ತೋಟದ ಪಕ್ಕ ಶಾಮಿಯಾನ ಹಾಕಿದ್ದರು. ನಾನು ಪಂಕ್ತಿಯಲ್ಲಿ ಕೂತಾಗ ಎದುರು ಸಾಲಿನಲ್ಲಿ ಆತನಿದ್ದ. ನನ್ನನ್ನು ನೋಡಿ, ಬಡಿಸಿದ ಎಲೆ ಬಿಟ್ಟು ಎದ್ದು ಕೊನೆಯ ಸಾಲಿಗೆ ಹೋಗಿ ಕೂತ. ಹೆಂಗಸರು ಎಲೆಯಿಂದ ತಲೆಯೆತ್ತಿ ನೋಡಿದರು. ಅಮ್ಮ ನನ್ನ ತೊಡೆ ಚಿವುಟಿದಳು.

ಊಟವಾದ ಮೇಲೆ ಭಾವಮೈದುನ ಕೈ ತೊಳೆಯುವ ಕಡೆ ಬಂದು ನಿಂತ.

"ಅವತ್ತು ನಾನ್ ಬೊಂಬೆ ಪೆಟ್ಟಿ ಅಂದೆ. ಮನಸ್ನಾಗ್ ಇಕ್ಕಬ್ಯಾಡ ತಂಗಿ," ಎಂದ. ಆಮೇಲೆ ತಲೆ ಬಗ್ಗಿಸಿ ನಕ್ಕು, "ಬಾವ ಈಗ ಬಿಸಿ ನೋಡೋ ಪಿಸ್ತೂಲ್ ಒಂದು ಇಕ್ಕಂಡವ್ರೆ. ಸ್ವಂತ ಕಾಸಿನಾಗೆ ವಾಂಗಿದ್ದು. ವಾರಕ್ಕೊಂದಪ ಎಲ್ಲಾ ಪ್ಯಾನೆಲ್ ಸುತ್ತ ಹೋಗಿ ಅದ್ರಲ್ಲಿ ನೋಡ್ತಾರೆ. ಯಾರ್ ಮ್ಯಾಲಿನ ಹಠಕ್ಕೆ ಅಂತ ಕೇಳ್ಬ್ಯಾಡ," ಎಂದ.

ಅದು ನನಗೆ ಗೊತ್ತಿರುವ ಸಾಧನ. ಮುಂದೆ ಹಿಡಿದು ಒತ್ತಿದರೆ ಒಂದು ಜಾಗದ ಬಿಸಿಯನ್ನು ಅಂಕಿಯಲ್ಲಿ ತೋರಿಸುತ್ತದೆ. ಇಂಥ ಕೆಲಸಕ್ಕೆ ಅದು ಸಾಲದು. ನನಗೆ ಸುಮ್ಮನಿರಲು ಆಗಲಿಲ್ಲ. ಆತ ತೋಟದ ಬೇಲಿಯ ಹತ್ತಿರ, ಬೆನ್ನು ಹಾಕಿ, ಎಲೆಯಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದ. ನಾನು ಹೋಗಿ ನಮ್ಮ ಮಾತಿನಲ್ಲೇ ಹೇಳಿದೆ.

"ಮಾಮ, ಆ ಪಿಸ್ತೂಲ್ ದೂರದಿಂದ ಹಿಡಿದ್ರೆ ಲಗ್ಗಿನ ಬಿಸಿ ಒಂದೇ ಬರಲ್ಲ. ಸುತ್ತ ಇರೋದೆಲ್ಲ ಸೇರ್ಕಂಡ್ ತಣ್ಣಗೆ ತೋರಿಸ್ತದೆ. ಸರ್ಯಾಗ್ ತೋರಿಸ್ಲಿ ಅಂತ ಹತ್ರಕ್ಕೂ ಓಗ್ಬ್ಯಾಡಿ. ಅದ್ನ ನಂಬ್ಕಂಡ್ ಇರ್ಬ್ಯಾಡಿ."

ಆತ ತಿರುಗಲಿಲ್ಲ. ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು, ಬೇಲಿಯಾಚೆ ಉಗಿದ.

"ತೆರಿಯುಂ ಮೇಡಂ," ಎಂದ. ಗೊತ್ತು ಎಂದು, ತಮಿಳಿನಲ್ಲಿ.